ಪಲ್ಪರ್‌ಗೆ ಯಾವ ಮೋಟಾರ್? ಎಚ್‌ಪಿ ಆಮೇಲೆ, ಮೊದಲು ಟಾರ್ಕ್ ನೋಡಿ

ಮೂರು ವರ್ಷದ ಹಿಂದಿನ ಡಿಸೆಂಬರ್. ಪುತ್ತರಿ ಹಬ್ಬ ಕಳೆದು ಅರೇಬಿಕಾ ಕಾಫಿ ಕುಯ್ಲು ಜೋರಾಗಿ ನಡೀತಿತ್ತು. ಸಂಜೆ ಹಣ್ಣು ಅಳೆದಾಯ್ತು, ಸಿಪ್ಪೆ ಬಿಡಿಸೋ ಯಂತ್ರವಾದ ಪಲ್ಪರ್‌ಗೆ ಸುರಿದಾಯ್ತು, ಅರ್ಧ ಮುಗಿಯೋ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಕೊಡಗಿನ ಮಾದಾಪುರದ ಕಡೆ ಇದೇನು ಹೊಸದಲ್ಲ. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂತು, ಸ್ವಿಚ್ ಹಾಕಿದೆ. ಮೋಟಾರ್ ಗುಂಯ್ ಅಂದಿತೇ ಹೊರತು ತಿರುಗಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದೆ. ಮತ್ತೆ ಗುಂಯ್. ಮೂರನೇ ಸಲಕ್ಕೆ ಮೋಟಾರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟ ವಾಸನೆ ಶೆಡ್ ತುಂಬಾ ಹರಡಿತು. ಆ ರಾತ್ರಿ ಡ್ರಮ್ಮಿನಲ್ಲಿ ಸಿಕ್ಕಿಕೊಂಡ ಹಣ್ಣನ್ನು ಟಾರ್ಚ್ ಹಿಡಿದು ಕೈಯಲ್ಲೇ ತೆಗೆದೆವು.

ಅದು 2 ಎಚ್‌ಪಿ ಮೋಟಾರ್. ಹಳೇ ಪಂಪಿಗೆ ಕಪಲ್ ಮಾಡಿದ್ದನ್ನು ಬಿಚ್ಚಿ, ಪುಲ್ಲಿ ಹಾಕಿಸಿ ಪಲ್ಪರ್‌ಗೆ ಕೂರಿಸಿದ್ದೆ. ಪಕ್ಕದ ತೋಟದವರ ಪಲ್ಪರ್ ನಮ್ಮದರಷ್ಟೇ ದೊಡ್ಡದು, ಅವರದ್ದು 1 ಎಚ್‌ಪಿ ಮೋಟಾರಿನಲ್ಲೇ ಓಡುತ್ತೆ. ಅಂದಮೇಲೆ ನನ್ನದು ಡಬಲ್ ಅಲ್ವಾ ಅಂತ ಧೈರ್ಯದಲ್ಲಿದ್ದೆ. ರಿವೈಂಡಿಂಗಿಗೆ ಕುಶಾಲನಗರಕ್ಕೆ ಹೊತ್ತುಕೊಂಡು ಹೋದಾಗ ಅಂಗಡಿಯವರು ನೇಮ್ ಪ್ಲೇಟ್ ಒರೆಸಿ ನೋಡಿ ನಕ್ಕರು. "ಇದು ನೀರೆತ್ತೋ ಮೋಟಾರ್ ಅಣ್ಣ. ಹಣ್ಣು ಎಳೆಯಲ್ಲ."

ಎಳೆಯಲ್ಲ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳೋಕೆ ನನಗೆ ಒಂದು ಸೀಸನ್ ಬೇಕಾಯ್ತು. ಹೊಸ ಮೋಟಾರ್ ತಗೊಳ್ಳೋರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಬರೀತಿದ್ದೇನೆ.

ಎಳೆತವೇ ಟಾರ್ಕ್

ಹಳೇ ಕೈ ಪಲ್ಪರ್ ತಿರುಗಿಸಿದವರಿಗೆ ಟಾರ್ಕ್ ಅಂದರೇನು ಅಂತ ತೋಳಿಗೇ ಗೊತ್ತು. ಹಿಡಿ ಒಂದು ಅಡಿ ಉದ್ದ ಇದೆ, ನೀವು 10 ಕೆಜಿ ಎತ್ತುವಷ್ಟು ಬಲ ಹಾಕುತ್ತೀರಿ ಅಂದುಕೊಳ್ಳಿ. ಆಗ ಅಚ್ಚಿನ ಮೇಲೆ ಬೀಳುವ ಟಾರ್ಕ್ ಸುಮಾರು 30 ನ್ಯೂಟನ್ ಮೀಟರ್. ಹಿಡಿ ಎರಡು ಅಡಿ ಆದರೆ ಅಷ್ಟೇ ಬಲಕ್ಕೆ 60. ಎಷ್ಟು ಜೋರಾಗಿ ತಿರುಗಿಸುತ್ತೀರಿ ಅನ್ನೋದು ಬೇರೆ ಮಾತು. ಟಾರ್ಕ್ ಮತ್ತು ವೇಗ ಎರಡೂ ಗುಣಿಸಿದರೆ ಸಿಗೋದು ಪವರ್, ಅಂದರೆ ಎಚ್‌ಪಿ.

ಎಡವಟ್ಟು ಆಗೋದು ಇಲ್ಲೇ. ಎಚ್‌ಪಿ ಒಂದನ್ನೇ ಹೇಳಿದರೆ ಅದರಲ್ಲಿ ಎಳೆತ ಎಷ್ಟು, ವೇಗ ಎಷ್ಟು ಅಂತ ಗೊತ್ತಾಗಲ್ಲ. ಲೆಕ್ಕ ಮಾಡೋದು ಸುಲಭ: ಕಿಲೋವಾಟ್ ಅನ್ನು 9550ರಿಂದ ಗುಣಿಸಿ, ನಿಮಿಷದ ಸುತ್ತಿನಿಂದ ಭಾಗಿಸಿ. 1 ಎಚ್‌ಪಿ ಅಂದರೆ 0.75 ಕಿಲೋವಾಟ್ ಅಂತ ಹಿಡಿಯಿರಿ.

ನನ್ನ ಪಂಪ್ ಮೋಟಾರ್ 2 ಎಚ್‌ಪಿ, 2880 ಸುತ್ತು. ಲೆಕ್ಕ ಹಾಕಿದರೆ 5 ನ್ಯೂಟನ್ ಮೀಟರ್. ಪಕ್ಕದವರದ್ದು 1 ಎಚ್‌ಪಿ, 1440 ಸುತ್ತು. ಅದೂ 5 ನ್ಯೂಟನ್ ಮೀಟರ್! ಎಚ್‌ಪಿ ಡಬಲ್, ಎಳೆತ ಅಷ್ಟೇ. ಅವರಿಗಿಂತ ಜಾಸ್ತಿ ಇದ್ದದ್ದು ವೇಗ ಮಾತ್ರ. ಆ ವೇಗವೂ ನನಗೆ ಕೆಟ್ಟದ್ದನ್ನೇ ಮಾಡಿತು. ಪಲ್ಪರ್ ವಿಪರೀತ ಜೋರಾಗಿ ತಿರುಗಿ ಬೀಜ ಕಚ್ಚಿಹೋಗಿತ್ತು. ಆ ವರ್ಷದ ಪಾರ್ಚ್‌ಮೆಂಟಿನಲ್ಲಿ (ಪಲ್ಪ್ ಮಾಡಿ ಒಣಗಿಸಿದ ಕಾಫಿ) ಏಟು ಬಿದ್ದ ಬೀಜ ಯಾಕೆ ಅಷ್ಟೊಂದು ಅಂತ ತಲೆ ಕೆಡಿಸಿಕೊಂಡಿದ್ದೆ.

ನೇಮ್ ಪ್ಲೇಟಿನಲ್ಲಿ ಸುತ್ತು ನೋಡಿದರೆ ಎಷ್ಟು ಪೋಲಿನ (ಒಳಗಿನ ಕಾಂತ ಧ್ರುವಗಳ) ಮೋಟಾರ್ ಅಂತಲೂ ತಿಳಿಯುತ್ತೆ. ನಮ್ಮ 50 ಹರ್ಟ್ಸ್ ಕರೆಂಟಿಗೆ 2 ಪೋಲ್ ಆದರೆ 3000ಕ್ಕೆ ಸ್ವಲ್ಪ ಕಡಿಮೆ, 4 ಪೋಲ್ ಆದರೆ 1500ಕ್ಕೆ ಸ್ವಲ್ಪ ಕಡಿಮೆ, 6 ಪೋಲ್ ಆದರೆ 1000ಕ್ಕೆ ಸ್ವಲ್ಪ ಕಡಿಮೆ. ಆ 'ಸ್ವಲ್ಪ ಕಡಿಮೆ'ಗೆ ಸ್ಲಿಪ್ ಅಂತಾರೆ. ಈ ಜಾತಿಯ ಮೋಟಾರ್ ಒಂಚೂರು ಹಿಂದೆ ಬಿದ್ದರೇನೇ ಎಳೆತ ಹುಟ್ಟೋದು.

ಸ್ಪ್ರಿಂಗ್ ತಕ್ಕಡಿಯ ಪರೀಕ್ಷೆ

ಮೋಟಾರ್ ಅಂಗಡಿಗೆ ಹೋಗೋ ಮೊದಲು ಇದನ್ನು ಮಾಡಿ. ಅರ್ಧ ಗಂಟೆ ಕೆಲಸ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬೆಲ್ಟ್ ಬಿಚ್ಚಿ. ಪಲ್ಪರ್‌ನ ದೊಡ್ಡ ಪುಲ್ಲಿಗೆ ಹಗ್ಗ ಎರಡು ಸುತ್ತು ಸುತ್ತಿ, ತುದಿಗೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ಪುಲ್ಲಿ ಅಲುಗಿದ ಕ್ಷಣ ಮುಳ್ಳು ಎಲ್ಲಿತ್ತು ಅಂತ ಇನ್ನೊಬ್ಬರು ನೋಡಬೇಕು. ನಮ್ಮಲ್ಲಿ ಆ ಕೆಲಸ ಮಗಳದ್ದು.

ನಮ್ಮ ಪುಲ್ಲಿ 24 ಇಂಚು. ಖಾಲಿ ಪಲ್ಪರ್ 3 ಕೆಜಿಗೆ ಅಲುಗಿತು. ಆಮೇಲೆ ಹಣ್ಣು ಸುರಿದು, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಹಣ್ಣು ಕಚ್ಚಿಕೊಂಡ ಸ್ಥಿತಿಯಲ್ಲಿ ನಿಲ್ಲಿಸಿದೆವು. ಕರೆಂಟ್ ಹೋದಾಗ ಹೇಗೆ ನಿಂತಿರುತ್ತೋ ಹಾಗೆ. ಈಗ ತಕ್ಕಡಿ 15 ಕೆಜಿ ತೋರಿಸಿತು. "ಅಪ್ಪಾ, ಐದು ಪಟ್ಟು!" ಅಂದಳು. ಆ ಐದು ಪಟ್ಟೇ ನನ್ನ ಮೋಟಾರ್ ನುಂಗಿದ್ದು.

15 ಕೆಜಿ ಅಂದರೆ ಸುಮಾರು 147 ನ್ಯೂಟನ್. ಪುಲ್ಲಿಯ ಅರ್ಧ ಅಗಲ 12 ಇಂಚು, ಅಂದರೆ 0.305 ಮೀಟರ್. ಗುಣಿಸಿದರೆ ಪಲ್ಪರ್ ಅಚ್ಚಿನಲ್ಲಿ 45 ನ್ಯೂಟನ್ ಮೀಟರ್ ಬೇಕು. ಮೋಟಾರಿನ ಪುಲ್ಲಿ 3 ಇಂಚು, ಹಾಗಾಗಿ ಎಂಟಕ್ಕೆ ಒಂದು. 45ನ್ನು ಎಂಟರಿಂದ ಭಾಗಿಸಿ, ಬೆಲ್ಟಿನಲ್ಲಿ ಆಗೋ ನಷ್ಟಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 6 ಚಿಲ್ಲರೆ. ನಮ್ಮ ಶೆಡ್ಡಿನ ಮೋಟಾರ್ ನಿಂತಲ್ಲಿಂದ ಕಡೇ ಪಕ್ಷ 6.2 ನ್ಯೂಟನ್ ಮೀಟರ್ ಕೊಡಬೇಕು. ಖಾಲಿ ಓಡಿಸೋಕೆ 1.2 ಸಾಕು. ನಿಮ್ಮ ಯಂತ್ರಕ್ಕೆ ಅಂಕಿ ಬೇರೆ ಬರುತ್ತೆ. ಪುಲ್ಲಿ, ಡ್ರಮ್ಮಿನ ಗ್ಯಾಪ್, ಹಣ್ಣು ಎಷ್ಟು ಮಾಗಿದೆ, ಎಲ್ಲದರ ಮೇಲೆ ನಿಂತಿದೆ.

ಮೋಟಾರ್ ಆರಿಸೋಕೆ ನಾನು ಇಟ್ಟುಕೊಂಡಿರೋ ಪ್ರಶ್ನೆ ಈಗ ಒಂದೇ: ಹಣ್ಣು ತುಂಬಿರುವಾಗ ಕರೆಂಟ್ ಹೋಗಿ ಬಂದರೆ ಇದು ಹೊರಡುತ್ತಾ? ಓಡೋ ಮೋಟಾರ್ ಎಲ್ಲಾ ಓಡುತ್ತೆ. ಹೊರಡೋದು ಎಲ್ಲದಕ್ಕೂ ಆಗಲ್ಲ.

ಸಿಂಗಲ್ ಫೇಸಿನಲ್ಲಿ ಎರಡು ಜಾತಿ

ಸಣ್ಣ ತೋಟದ ಶೆಡ್ಡಿಗೆ ಸಾಮಾನ್ಯವಾಗಿ ಬಂದಿರೋದು ಸಿಂಗಲ್ ಫೇಸ್. ಆ ಒಂದು ಫೇಸ್ ಮೋಟಾರನ್ನು ತಾನಾಗಿ ಹೊರಡಿಸಲಾರದು. ಅದಕ್ಕೇ ಇನ್ನೊಂದು ವೈಂಡಿಂಗ್, ಅದಕ್ಕೊಂದು ಕೆಪಾಸಿಟರ್. ನಮ್ಮ ಕಡೆ ಈಗಲೂ ಕಂಡೆನ್ಸರ್ ಅಂತಲೇ ಕರೆಯೋದು.

ಒಂದು ಜಾತಿಯಲ್ಲಿ ಕಂಡೆನ್ಸರ್ ಯಾವಾಗಲೂ ಲೈನಿನಲ್ಲೇ ಇರುತ್ತೆ. ಚಿಕ್ಕದು. ಫ್ಯಾನು, ಸಣ್ಣ ಪಂಪುಗಳಲ್ಲಿ ಇರೋದು ಇದೇ. ಸದ್ದಿಲ್ಲದೆ ಓಡುತ್ತೆ, ರಿಪೇರಿ ಕಡಿಮೆ. ಆದರೆ ಹೊರಡುವಾಗಿನ ಟಾರ್ಕ್ ತನ್ನ ಫುಲ್ ಲೋಡ್ ಟಾರ್ಕಿನ (ಪೂರ್ತಿ ಹೊರೆಯಲ್ಲಿ ಓಡುವಾಗಿನ ಎಳೆತ, ಮೇಲೆ ಲೆಕ್ಕ ಹಾಕಿದ್ದು ಇದನ್ನೇ) ಅರ್ಧದಷ್ಟೇ ಇರೋದೂ ಉಂಟು. ನನ್ನ ಪಂಪ್ ಮೋಟಾರ್ ಇದೇ ಜಾತಿ. 5ರಲ್ಲಿ ಅರ್ಧ, ಎರಡೂವರೆ. ಬೇಕಿದ್ದದ್ದು 6.2. ಖಾಲಿ ಇದ್ದಾಗ ಯಾಕೆ ಚೆನ್ನಾಗಿ ಹೊರಡುತ್ತಿತ್ತು, ಹಣ್ಣು ತುಂಬಿದಾಗ ಯಾಕೆ ಹೊರಡಲಿಲ್ಲ ಅಂತ ಇಲ್ಲಿಗೆ ಬಗೆಹರಿಯಿತು.

ಇನ್ನೊಂದು ಕೆಪಾಸಿಟರ್ ಸ್ಟಾರ್ಟ್ ಜಾತಿ. ದೊಡ್ಡ ಕಂಡೆನ್ಸರ್ ಹೊರಡುವಾಗ ಮಾತ್ರ ಸೇರಿಕೊಳ್ಳುತ್ತೆ. ಮುಕ್ಕಾಲು ವೇಗ ಬಂದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ 'ಟಕ್' ಅಂತ ಅದನ್ನು ಬಿಡಿಸುತ್ತೆ. ಇದರ ಸ್ಟಾರ್ಟಿಂಗ್ ಟಾರ್ಕ್ ಫುಲ್ ಲೋಡಿನ ಎರಡರಿಂದ ಮೂರು ಪಟ್ಟು. ಪಲ್ಪರ್, ಹಿಟ್ಟಿನ ಗಿರಣಿ, ಏರ್ ಕಂಪ್ರೆಸರ್, ಹೊರೆ ಹೊತ್ತುಕೊಂಡೇ ಹೊರಡಬೇಕಾದ ಎಲ್ಲದಕ್ಕೂ ಇದೇ ಸರಿ. 1 ಎಚ್‌ಪಿ, 1440 ಸುತ್ತಿನದ್ದು ಎರಡೂವರೆ ಪಟ್ಟು ಕೊಟ್ಟರೂ 12 ನ್ಯೂಟನ್ ಮೀಟರ್ ದಾಟುತ್ತೆ. ಪಕ್ಕದವರ 1 ಎಚ್‌ಪಿ ನನ್ನ 2 ಎಚ್‌ಪಿಯ ಮುಂದೆ ಗೆದ್ದದ್ದು ಹೀಗೆ.

ಇದರ ದುರ್ಗುಣವನ್ನೂ ಹೇಳಬೇಕು. ಆ ದೊಡ್ಡ ಕಂಡೆನ್ಸರ್ ಕೆಲವೇ ಸೆಕೆಂಡು ತಡೆಯುವಂಥದ್ದು. ಮೋಟಾರ್ ವೇಗಕ್ಕೆ ಬರದಿದ್ದರೆ ಸ್ವಿಚ್ ಬಿಡಿಸಲ್ಲ, ಕಂಡೆನ್ಸರ್ ಉಬ್ಬಿ ಒಡೆಯುತ್ತೆ. ಆ 'ಟಕ್' ಕೇಳಿಸದಿದ್ದರೆ ಕೂಡಲೇ ಆಫ್ ಮಾಡಿ.

ತಂತಿಯೂ ಟಾರ್ಕ್ ತಿನ್ನುತ್ತೆ

ಈ ಭಾಗವನ್ನು ಎರಡು ಸಲ ಓದಿ. ಕೊಡಗಿನ ತೋಟಗಳಲ್ಲಿ ಮನೆ ಒಂದು ದಿಬ್ಬದ ಮೇಲೆ, ಪಲ್ಪರ್ ಶೆಡ್ ನೀರು ಸಿಗೋ ಕಡೆ ಕೆಳಗೆ. ನಮ್ಮಲ್ಲಿ ಮೀಟರ್ ಬೋರ್ಡಿನಿಂದ ಶೆಡ್ಡಿಗೆ ನೂರು ಮೀಟರ್. ಎಳೆದಿದ್ದದ್ದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಲೈಟ್ ಉರಿಯುತ್ತೆ, ಮಿಕ್ಸಿ ತಿರುಗುತ್ತೆ, ಸಾಕಲ್ವಾ ಅಂತ.

ಮೋಟಾರ್ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಪೂರ್ತಿ 230 ವೋಲ್ಟ್ ಸಿಕ್ಕರೆ ಹೊರಡುವಾಗ 50 ಆಂಪಿಯರ್ ಎಳೆಯೋ ಮೋಟಾರಿಗೆ ಈ ತಂತಿಯಲ್ಲಿ 40 ವೋಲ್ಟಿಗಿಂತ ಜಾಸ್ತಿ ಸೋರಿಹೋಗುತ್ತೆ. ಬೋರ್ಡಿನಲ್ಲಿ 230 ಇದ್ದರೂ ಮೋಟಾರಿನ ಬಾಯಿಗೆ ಸಿಗೋದು 186ರ ಆಸುಪಾಸು. ಟಾರ್ಕ್ ಇಳಿಯೋದು ವೋಲ್ಟೇಜಿನ ಲೆಕ್ಕದಲ್ಲಲ್ಲ, ಅದರ ವರ್ಗದ ಲೆಕ್ಕದಲ್ಲಿ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಳೆದರೆ ಟಾರ್ಕ್ ಮೂರರಲ್ಲಿ ಒಂದು ಪಾಲು ಹೋಯಿತು. 12 ಕೊಡಬೇಕಾದ ಮೋಟಾರ್ 8 ಕೊಡುತ್ತೆ. ನನ್ನ ಪಂಪ್ ಮೋಟಾರಿನ ಎರಡೂವರೆ 1.6ಕ್ಕೆ ಇಳಿದಿತ್ತು. ಖಾಲಿ ಪಲ್ಪರ್‌ಗೆ ಅದು ಹೇಗೋ ಸಾಕಾಗಿತ್ತು ಅಷ್ಟೇ.

ಅದೇ ನೂರು ಮೀಟರಿಗೆ 6 ಚದರ ಮಿಲಿಮೀಟರ್ ತಂತಿ ಹಾಕಿದರೆ ಮೋಟಾರಿಗೆ 210 ವೋಲ್ಟ್ ಸಿಗುತ್ತೆ, ಟಾರ್ಕಿನಲ್ಲಿ ನೂರಕ್ಕೆ 83 ಉಳಿಯುತ್ತೆ. ದಪ್ಪ ತಂತಿಗೆ ದುಡ್ಡು ಜಾಸ್ತಿ, ಹೌದು. ಆದರೆ ತೆಳು ತಂತಿ ಇಟ್ಟುಕೊಂಡು 2ರ ಬದಲು 3 ಎಚ್‌ಪಿ ಹಾಕಿದರೆ ಒಂದೂವರೆ ಪಟ್ಟು ಎಳೆತ ಸಿಗುತ್ತೆ ಅಂದುಕೊಳ್ಳಬೇಡಿ. ದೊಡ್ಡ ಮೋಟಾರ್ ಜಾಸ್ತಿ ಕರೆಂಟ್ ಎಳೆದು ವೋಲ್ಟೇಜನ್ನು ಇನ್ನಷ್ಟು ಕೆಡವುತ್ತೆ. ಲೈನ್ ಮನೆಯ (ಕೆಲಸದವರ ಮನೆಯ) ಬಲ್ಬ್ ಕಣ್ಣು ಮಿಟುಕಿಸೋಕೆ ಶುರುವಾದರೆ ಅದೇ ಸೂಚನೆ.

ಮಲ್ಟಿಮೀಟರನ್ನು ಬೋರ್ಡಿನಲ್ಲಿ ಇಡಬೇಡಿ, ಮೋಟಾರಿನ ಟರ್ಮಿನಲ್ಲಿನಲ್ಲಿ ಇಟ್ಟು, ಹೊರಡುವ ಆ ಒಂದೆರಡು ಸೆಕೆಂಡಿನಲ್ಲಿ ಎಷ್ಟಕ್ಕೆ ಇಳಿಯುತ್ತೆ ನೋಡಿ. ಕರೆಂಟಿನ ಕೆಲಸ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲೇ ನೋಡಿಸಿ.

ತ್ರೀ ಫೇಸ್ ಇದ್ದವರಿಗೆ

ಶೆಡ್ಡಿಗೆ ತ್ರೀ ಫೇಸ್ ಬಂದಿದ್ದರೆ ಯೋಚನೆ ಅರ್ಧ ಕಡಿಮೆ. ಕಂಡೆನ್ಸರ್ ಇಲ್ಲ, ಒಳಗೆ ಸ್ವಿಚ್ ಇಲ್ಲ. ಪೂರ್ತಿ ವೋಲ್ಟೇಜನ್ನು ಒಮ್ಮೆಗೇ ಕೊಡೋ ನೇರ ಸ್ಟಾರ್ಟರಿನಲ್ಲಿ ಫುಲ್ ಲೋಡಿನ ಒಂದೂವರೆಯಿಂದ ಎರಡೂವರೆ ಪಟ್ಟು ಟಾರ್ಕ್ ಸಿಗುತ್ತೆ. 2 ಎಚ್‌ಪಿ, 1440 ಸುತ್ತಿನ ಮೋಟಾರಿನ ಫುಲ್ ಲೋಡ್ ಟಾರ್ಕ್ 10, ಹೊರಡುವಾಗ ಎರಡು ಪಟ್ಟು ಅಂದರೂ 20. ವೋಲ್ಟೇಜ್ 415ರಿಂದ 340ಕ್ಕೆ ಇಳಿದರೂ 13 ಉಳಿಯುತ್ತೆ. ಉಲ್ಟಾ ತಿರುಗಿದರೆ ಯಾವುದಾದರೂ ಎರಡು ತಂತಿ ಅದಲು ಬದಲು ಮಾಡಿದರೆ ಮುಗೀತು.

ಮೊದಲು ಕಡಿಮೆ ವೋಲ್ಟೇಜಿನಲ್ಲಿ (ಸ್ಟಾರ್) ಹೊರಡಿಸಿ ಆಮೇಲೆ ಪೂರ್ತಿ ವೋಲ್ಟೇಜಿಗೆ (ಡೆಲ್ಟಾ) ಬದಲಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಮಾತ್ರ ಪಲ್ಪರ್‌ಗೆ ಬೇಡ. ಹಳೇ ಪಂಪ್ ಮನೆಯಲ್ಲಿ ಒಂದು ಬಿದ್ದಿದೆ, ಉಪಯೋಗಿಸೋಣ ಅಂತ ಅನಿಸುತ್ತೆ. ಸ್ಟಾರಿನಲ್ಲಿ ಪ್ರತಿ ಕಾಯಿಲಿಗೆ ಸಿಗೋ ವೋಲ್ಟೇಜ್ ನೂರಕ್ಕೆ 58. ಮತ್ತೆ ಅದೇ ವರ್ಗದ ಲೆಕ್ಕ, ಟಾರ್ಕ್ ಮೂರನೇ ಒಂದು ಭಾಗ. 20 ಇದ್ದದ್ದು 6.7, ವೋಲ್ಟೇಜ್ ಕಡಿಮೆ ಇದ್ದ ದಿನ 4.5. ನಮಗೆ ಬೇಕಿದ್ದದ್ದು 6.2 ಅಲ್ವಾ? ಅಂಥ ದಿನ ಸಿಕ್ಕಿಕೊಂಡ ಹಣ್ಣಿನ ಮುಂದೆ ಅದು ಗುಂಯ್ ಅಂತಲೇ ಕೂತಿರುತ್ತೆ.

ಅದೇ ಸ್ಟಾರ್ಟರ್ ಸ್ಪ್ರಿಂಕ್ಲರ್ ಪಂಪಿಗೆ ಹೇಳಿ ಮಾಡಿಸಿದ್ದು. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹೊಡೆಯೋ ದೊಡ್ಡ ಪಂಪಿಗೆ ನಿಂತಲ್ಲಿಂದ ಹೊರಡುವಾಗ ಹೊರೆಯೇ ಇರಲ್ಲ. ನೀರು ಸುತ್ತೋಕೆ ಶುರುವಾದ ಮೇಲೆಯೇ ಹೊರೆ ಏರೋದು, ಅರ್ಧ ವೇಗದಲ್ಲಿ ಬೇಕಾಗೋದು ಕಾಲು ಭಾಗ ಟಾರ್ಕ್ ಮಾತ್ರ. ಹಾಗಾಗಿ ಸ್ಟಾರಿನ ಬಡ ಟಾರ್ಕೂ ಸಾಕು, ಲೈನಿಗೂ ಏಟು ಕಡಿಮೆ. ನನ್ನ ಆ 2 ಎಚ್‌ಪಿ ಮೋಟಾರ್ ಕೂಡ ಪಂಪಿನ ಜೊತೆ ವರ್ಷಗಟ್ಟಲೆ ತಕರಾರಿಲ್ಲದೆ ದುಡಿದಿತ್ತು.

ತ್ರೀ ಫೇಸಿನ ಶನಿ ಅಂದರೆ ಒಂದು ಫೇಸ್ ಹೋಗೋದು. ಮರ ಬಿದ್ದೋ ಫ್ಯೂಸ್ ಹೋಗಿಯೋ ಒಂದು ಫೇಸ್ ಕಳೆದುಹೋದರೆ ನಿಂತ ಮೋಟಾರ್ ಹೊರಡಲ್ಲ. ಓಡ್ತಿರೋದು ಉಳಿದ ಎರಡರಲ್ಲೇ ಏದುಸಿರು ಬಿಡುತ್ತಾ ಓಡಿ ಸುಟ್ಟುಕೊಳ್ಳುತ್ತೆ. ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸಿಬಿಡುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದೆ ತ್ರೀ ಫೇಸ್ ಮೋಟಾರ್ ಹಾಕಿಸಲೇಬೇಡಿ.

ಡ್ರೈವ್ ಅನ್ನೋ ಹೊಸ ದಾರಿ

ಸಿಂಗಲ್ ಫೇಸ್ ಕೊಟ್ಟರೆ ತ್ರೀ ಫೇಸ್ ಮಾಡಿಕೊಡುವ ಪುಟ್ಟ ಪೆಟ್ಟಿಗೆ ಈಗ ಸಿಗುತ್ತೆ. ವಿಎಫ್‌ಡಿ ಅಥವಾ ಸುಮ್ನೆ ಡ್ರೈವ್ ಅಂತಾರೆ. ಇದರ ಸೊಗಸು ಹೊರಡೋ ಕ್ಷಣದಲ್ಲಿದೆ. ಫ್ರೀಕ್ವೆನ್ಸಿಯನ್ನೂ ವೋಲ್ಟೇಜನ್ನೂ ಜೊತೆಜೊತೆಗೆ ಸೊನ್ನೆಯಿಂದ ಏರಿಸುತ್ತಾ ಹೋಗೋದರಿಂದ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯೋದೇ ಇಲ್ಲ. ಒಳ್ಳೇ ಡ್ರೈವ್ ವೆಕ್ಟರ್ ಮೋಡ್ ಅನ್ನೋ ಸೆಟ್ಟಿಂಗಿನಲ್ಲಿ ಫುಲ್ ಲೋಡಿನ ಒಂದೂವರೆ ಪಟ್ಟು ಟಾರ್ಕನ್ನು ಒಂದು ನಿಮಿಷದ ತನಕ ಕೊಡಬಲ್ಲದು, ಕರೆಂಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಪಟ್ಟು. 2 ಎಚ್‌ಪಿಗೆ 15 ನ್ಯೂಟನ್ ಮೀಟರ್ ಆಯಿತು. ತೆಳು ತಂತಿಯಲ್ಲೂ ವೋಲ್ಟೇಜ್ ಅಷ್ಟಾಗಿ ಕುಸಿಯಲ್ಲ. ಹಣ್ಣು ಸಿಕ್ಕಿಕೊಂಡರೆ ಒಂದು ಬಟನ್ ಒತ್ತಿ ಉಲ್ಟಾ ತಿರುಗಿಸಿ ಬಿಡಿಸಿಕೊಳ್ಳಬಹುದು. ಹಣ್ಣು ಜಾಸ್ತಿ ಹಸಿ ಇದ್ದ ದಿನ ವೇಗ ಸ್ವಲ್ಪ ಇಳಿಸಬಹುದು.

ತಗೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. 230 ವೋಲ್ಟ್ ಸಿಂಗಲ್ ಫೇಸಿನ ಡ್ರೈವ್ ಸಾಮಾನ್ಯವಾಗಿ ಹೊರಗೆ ಕೊಡೋದೂ 230 ವೋಲ್ಟ್ ತ್ರೀ ಫೇಸೇ. ಆದ್ದರಿಂದ ಮೋಟಾರಿನ ಪ್ಲೇಟಿನಲ್ಲಿ 230/415 ಅಂತ ಇರಬೇಕು, ಒಳಗಿನ ಪಟ್ಟಿಗಳನ್ನು ಸ್ಟಾರಿನಿಂದ ಡೆಲ್ಟಾಗೆ ಬದಲಿಸಬೇಕು. ಬದಲಿಸದೆ ಓಡಿಸಿದರೆ ಮತ್ತೆ ಮೂರನೇ ಒಂದು ಭಾಗದ ಕಥೆ. ಎರಡನೆಯದು, 50 ಹರ್ಟ್ಸ್ ದಾಟಿ ವೇಗ ಏರಿಸಿದರೆ ಟಾರ್ಕ್ ಇಳಿಯುತ್ತಾ ಹೋಗುತ್ತೆ. ತೀರಾ ನಿಧಾನಕ್ಕೆ ಬಹಳ ಹೊತ್ತು ಓಡಿಸಿದರೆ ಮೋಟಾರಿನ ಬೆನ್ನಿನ ಫ್ಯಾನ್ ಗಾಳಿ ಸಾಲದೆ ಬಿಸಿಯಾಗುತ್ತೆ.

ಡ್ರೈವಿಗೆ ನಮ್ಮ ಊರಿನ ಹವೆ ಆಗಿಬರಲ್ಲ. ಜೂನ್ ಬಂದರೆ ಗೋಡೆಯೇ ಬೆವರುತ್ತೆ, ಇರುವೆ, ಹಲ್ಲಿ ಎಲ್ಲಕ್ಕೂ ಆ ಬೆಚ್ಚನೆ ಪೆಟ್ಟಿಗೆಯೇ ಬೇಕು, ಸಿಡಿಲಂತೂ ಕೇಳೋದೇ ಬೇಡ. ಡ್ರೈವ್ ಹಾಕಿಸುವವರು ಪ್ಲಗ್ ಇಟ್ಟು ಬಿಚ್ಚುವಂತೆ ಹಾಕಿಸಿ. ಸೀಸನ್ ಮುಗಿದ ದಿನವೇ ಬಿಚ್ಚಿ ಮನೆಯೊಳಗೆ, ಒಲೆಗೆ ಹತ್ತಿರದ ಅಟ್ಟದಲ್ಲಿ ಇಡಿ.

ಡೀಸೆಲ್ ಎಂಜಿನ್ ಬಗ್ಗೆ ಕೇಳುವವರಿದ್ದಾರೆ. ಎಂಜಿನ್ ನಿಂತಲ್ಲಿ ಟಾರ್ಕೇ ಇಲ್ಲ, ಓಡೋಕೆ ಶುರುವಾದ ಮೇಲೇ ಎಳೆತ. ಬೆಲ್ಟ್ ಸಡಿಲ ಬಿಟ್ಟು ಎಂಜಿನ್ ಓಡಿಸಿ ಆಮೇಲೆ ಬಿಗಿ ಮಾಡುವ ಏರ್ಪಾಡು ಇದ್ದರೆ ಸರಿ. ಕರೆಂಟೇ ಬರದ ದಿನಕ್ಕೆ ಒಂದು ಇರಲಿ.

ಅಂದಹಾಗೆ ಎಲೆಕ್ಟ್ರಿಕ್ ಸ್ಕೂಟರ್ ನೋಡುವವರಿಗೂ ಇದೇ ಲೆಕ್ಕ. ಚಕ್ರದೊಳಗೇ ಮೋಟಾರ್ ಇರೋ ಗಾಡಿಯ ಟಾರ್ಕ್ ಚಕ್ರದ್ದು. ನಡುವೆ ಮೋಟಾರ್ ಇಟ್ಟು ಬೆಲ್ಟಿನಲ್ಲಿ ತಿರುಗಿಸುವ ಗಾಡಿಗೆ ಮೋಟಾರಿನ ಟಾರ್ಕ್ ಬರೆದಿರುತ್ತಾರೆ, ಅದನ್ನು ಗೇರ್ ಅನುಪಾತದಿಂದ ಗುಣಿಸಿದರೆ ಚಕ್ರದ್ದು ಸಿಗುತ್ತೆ. ಎರಡು ಅಂಕಿಯನ್ನು ಹಾಗೇ ಪಕ್ಕ ಪಕ್ಕ ಇಟ್ಟು ಮಡಿಕೇರಿ ಏರು ಹತ್ತುತ್ತಾ ಅಂತ ತೀರ್ಮಾನ ಮಾಡಬೇಡಿ.

ಹಾಗಾದರೆ ಯಾವುದು?

ಸಿಂಗಲ್ ಫೇಸ್, ಶೆಡ್ ಬೋರ್ಡಿಗೆ ಹತ್ತಿರ, ಸಣ್ಣ ಪಲ್ಪರ್ ಅಂದರೆ 1440 ಸುತ್ತಿನ ಕೆಪಾಸಿಟರ್ ಸ್ಟಾರ್ಟ್ ಮೋಟಾರ್. ಬೇರೆ ಯೋಚನೆ ಬೇಡ. ಎಲ್ಲಿ ಬೇಕಾದರೂ ರಿಪೇರಿ ಆಗುತ್ತೆ, ಹೊಸ ಕಂಡೆನ್ಸರ್ ಪೇಟೆಯಲ್ಲಿ ಸಿಗುತ್ತೆ. ಶೆಡ್ ದೂರ ಇದ್ದರೆ ದಪ್ಪ ತಂತಿಯ ಖರ್ಚು ಮತ್ತು ಡ್ರೈವಿನ ಖರ್ಚು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನಗೆ ತಂತಿಯೇ ಮೇಲು ಅನಿಸಿತು, ಅದಕ್ಕೆ ತೇವ, ಸಿಡಿಲಿನ ಹೆದರಿಕೆ ಅಷ್ಟಿಲ್ಲ. ನೂರಾರು ಮೀಟರ್ ದೂರ ಇರುವವರಿಗೆ ಡ್ರೈವೇ ಅಗ್ಗ ಬೀಳಬಹುದು. ಪಲ್ಪಿಂಗ್ ಹೊತ್ತಿಗೆ ತ್ರೀ ಫೇಸ್ ನಂಬಿಕೆಯಿಂದ ಸಿಗುತ್ತೆ ಅನ್ನೋರಿಗೆ ನೇರ ಸ್ಟಾರ್ಟರಿನ ತ್ರೀ ಫೇಸ್ ಮೋಟಾರ್. ಸಿಗೋ ಹೊತ್ತು ಗೊತ್ತಿಲ್ಲ ಅಂದರೆ ಮೋಟಾರ್ ಎಷ್ಟೇ ಒಳ್ಳೇದಾದರೂ ಹಣ್ಣು ಕಾಯಲ್ಲ, ಅದೇ ದಿನ ಪಲ್ಪ್ ಆಗಬೇಕು.

ಯಾವುದೇ ಆಗಲಿ, ಗುಂಯ್ ಅಂದರೆ ಎರಡನೇ ಸಲ ಸ್ವಿಚ್ ಹಾಕಬೇಡಿ. ನಿಂತ ಮೋಟಾರ್ ಆರು ಪಟ್ಟು ಕರೆಂಟ್ ಎಳೆದರೆ ವೈಂಡಿಂಗಿನಲ್ಲಿ ಹುಟ್ಟೋ ಬಿಸಿ ಮೂವತ್ತಾರು ಪಟ್ಟು, ಫ್ಯಾನ್ ಕೂಡ ನಿಂತಿರುತ್ತೆ. ಮೇನ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಕೈಯಲ್ಲಿ ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಹಣ್ಣು ಸಡಿಲ ಮಾಡಿಕೊಳ್ಳಿ.

ನಾನು ಕೊನೆಗೆ ಹಾಕಿಸಿದ್ದು 2 ಎಚ್‌ಪಿ, 1440 ಸುತ್ತಿನ ಕೆಪಾಸಿಟರ್ ಸ್ಟಾರ್ಟ್ ಮೋಟಾರ್, 6 ಚದರ ಮಿಲಿಮೀಟರ್ ತಂತಿ. ಲೆಕ್ಕದ ಪ್ರಕಾರ 1 ಎಚ್‌ಪಿ ಸಾಕಿತ್ತು, ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿತ್ತು, ಅದಕ್ಕೇ ಒಂದು ಎಚ್‌ಪಿ ಜಾಸ್ತಿ. ಹೋದ ಡಿಸೆಂಬರಿನಲ್ಲಿ ಪಲ್ಪರ್ ತುಂಬಾ ಹಣ್ಣಿದ್ದಾಗ ಮತ್ತೆ ಕರೆಂಟ್ ಹೋಯಿತು. ಬಂದಾಗ ಸ್ವಿಚ್ ಹಾಕೋಕೆ ನನಗೆ ಕೈ ಬರಲಿಲ್ಲ, ಮಗಳೇ ಹಾಕಿದಳು. ಬೆಲ್ಟ್ ಒಂದು ಸಲ ಕಿರ್ ಅಂದಿತು, ಆಮೇಲೆ 'ಟಕ್' ಕೇಳಿಸಿತು.